ಸೊಳ್ಳೆಗಾಜಿನ ಹೊಳೆ

ಮುದ್ದಮ್ಮ ನಮ್ಮ ಮನೆಗೆ ಮೊದಲು ಬಂದದ್ದು ಮಗುವಿಗೆ ದೃಷ್ಟಿ ತೆಗೆಯುವ ನೆಪದಲ್ಲಿ. ಅವಳು ಬಂದ ಕೆಲಸ ಬೇರೆಯೇ ಇತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಆಗ ನಾವು ಬೇಲೂರಿನಲ್ಲಿದ್ದೆವು. ನಮ್ಮ ಮನೆಯವರು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು. ಹಳ್ಳಿಹಳ್ಳಿಗೆ ಚಿತ್ರದ ಲಾಂದ್ರ ಹೊರಿಸಿಕೊಂಡು ಹೋಗಿ, ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಟ್ಟು, ಪ್ಲೇಗು, ಮಲೇರಿಯಾ ಎಂದು ಭಾಷಣ ಮಾಡುವುದು ಅವರ ಕೆಲಸ. ನಾನು ಮೈಸೂರಿನಲ್ಲಿ ಹೈಸ್ಕೂಲು ಓದಿದವಳು. ಆ ಓದಿನಿಂದ ನನಗೆ ದಕ್ಕಿದ್ದು ಭಯವೊಂದೇ ಎಂದು ಅವರು ನಗುತ್ತಿದ್ದರು. ಎಂಟು ತಿಂಗಳ ಮಗುವಿನ ತೊಟ್ಟಿಲಿಗೆ ನಡುಮಧ್ಯಾಹ್ನವೂ ಸೊಳ್ಳೆಪರದೆ ಕಟ್ಟುತ್ತಿದ್ದೆ. ಮಗು ಕೆಮ್ಮಿದರೆ ಹಣೆ ಮುಟ್ಟಿ ನೋಡುತ್ತಿದ್ದೆ, ಕೆಮ್ಮದಿದ್ದರೂ ನೋಡುತ್ತಿದ್ದೆ.

ಮುದ್ದಮ್ಮನಿಗೆ ಐವತ್ತರ ಹತ್ತಿರ. ಬೋಳು ಹಣೆ, ದೀಪದ ಮಸಿ ಕೂತ ಬೆರಳುಗಳು. ಅವಳದು ತೊಗಲುಗೊಂಬೆಯ ಮನೆತನ. ಆಡಿನ ಚರ್ಮ ಹದಮಾಡಿ, ಕೆತ್ತಿ, ಬಣ್ಣ ಹಚ್ಚಿದ ಗೊಂಬೆಗಳನ್ನು ಬಿಳಿ ಪರದೆಗೆ ಒತ್ತಿ ಹಿಡಿದು ಆಡಿಸುತ್ತಾರೆ. ಹಿಂದೆ ತೂಗುಹಾಕಿದ ಎಣ್ಣೆದೀಪದ ಬೆಳಕಿಗೆ ಅವುಗಳ ಬಣ್ಣದ ನೆರಳು ಇತ್ತಕಡೆ ಕೂತವರಿಗೆ ಕಾಣುತ್ತದೆ. ಇಂಥ ಮನೆತನಗಳಿಗೆ ಹಕ್ಕಿನ ಊರುಗಳು ಇರುತ್ತವೆ. ಅವಳ ಗಂಡ ಬೋರಯ್ಯನಿಗೆ ಹಗರೆ ಹಕ್ಕಿನ ಊರು. ಸುಗ್ಗಿ ಮುಗಿದ ಮೇಲೆ ಅಲ್ಲಿ ಆಡಬೇಕು; ಆಟ ಮುಗಿದಾಗ ಊರ ಯಜಮಾನ ಎಲೆ ಅಡಿಕೆ ಕೊಟ್ಟರೆ ಮುಂದಿನ ವರ್ಷವೂ ಊರು ಅವರದೇ.

ಬೋರಯ್ಯ ಹಿಂದಿನ ಮಳೆಗಾಲದಲ್ಲಿ ಚಳಿಜ್ವರ ಬಂದು ತೀರಿಕೊಂಡಿದ್ದ.

"ಹಗರೆ ಯಜಮಾನ್ರು ಕರಿಯಣ್ಣೋರು ಹೇಳವ್ರೆ," ಎಂದಳು ಮುದ್ದಮ್ಮ, ನೀವಾಳಿಸಿದ ಮೆಣಸಿನಕಾಯಿಯನ್ನು ಒಲೆಗೆ ಹಾಕುತ್ತ. "ಹೊಳೆ ದಾಟೋ ಪ್ರಸಂಗ ಆಡಿದ್ರೆ ಊರು ನಿಂದು, ಇಲ್ದಿದ್ರೆ ಜವರಣ್ಣಂಗೆ ಅಂತ. ಜವರಣ್ಣ ನಮ್ಮೋನ ದಾಯಾದಿ ಕಣವ್ವ. ನಮ್ಮೋನು ತೀರ್ಕಂಡಾಗ್ಲಿಂದ್ಲೂ ಹಗರೆ ದಾರೀನೇ ಸವೆಸ್ತಾವ್ನೆ."

"ಆಡಿದರಾಯಿತಲ್ಲ?" ಎಂದೆ.

"ಹೆಂಗವ್ವ ಆಡ್ಲಿ? ಒಂದು ಕೈಯಾಗೆ ದೋಣಿ, ಒಂದು ಕೈಯಾಗೆ ವನವಾಸಕ್ಕೆ ಹೊಂಟ ದೊರೆಮಕ್ಳು. ನೀರು ಆಡಿಸ್ತಿದ್ದೋನು ನಮ್ಮೋನು."

ಆಗ ಅಸಲು ಮಾತು ಹೊರಗೆ ಬಂತು. ಗೆಂಡೆಹಳ್ಳಿಯಲ್ಲಿ ನಮ್ಮವರು ಬಿಟ್ಟ ಲಾಂದ್ರದ ಚಿತ್ರ ಅವಳು ನೋಡಿದ್ದಳು. ಅದರಲ್ಲೊಂದು ವಿಶೇಷದ ಗಾಜಿತ್ತು: ಒಂದರ ಮೇಲೊಂದು ಜಾರುವ ಎರಡು ಗಾಜು, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುಗಿಸಿದರೆ ಗೋಡೆಯ ಮೇಲೆ ಕೊಳದ ನೀರು ಅಲೆಯಾಡುತ್ತಿತ್ತು, ಅದರಲ್ಲಿ ಸೊಳ್ಳೆಮರಿಗಳು ಒದ್ದಾಡುತ್ತಿದ್ದವು.

"ಆ ನೀರು ನಂಗೆ ಬೇಕವ್ವ," ಎಂದಳು.

ಸಂಜೆ ನಮ್ಮವರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರ್ಕಾರದ ಸೊಳ್ಳೆನೀರಲ್ಲಿ ದೋಣಿ ಬಿಡ್ತಾಳಂತೇನೇ!" ಆದರೆ ಒಪ್ಪಿದರು. ಅವರ ಭಾಷಣಕ್ಕೆ ಎಲ್ಲಿಯೂ ಹತ್ತು ಜನ ಕೂರುತ್ತಿರಲಿಲ್ಲ. ಗೊಂಬೆಯಾಟಕ್ಕೆ ಊರೇ ಬರುತ್ತದೆ. ಮೊದಲು ಕಾಲುಗಂಟೆ ತಾವು ಮಾತಾಡುವುದು, ಆಮೇಲೆ ಹೊಳೆ ದಾಟುವುದು ಎಂದು ಕರಾರಾಯಿತು.

ಹಿತ್ತಲ ಕಡೆ ಮನೆ ಮಾಲೀಕರು ತೆಂಗಿನಕಾಯಿ ತುಂಬುವ ಕೋಣೆಯಿತ್ತು. ಕಿಟಕಿಗೆ ಗೋಣಿ ಕಟ್ಟಿದರೆ ಹಗಲಲ್ಲೂ ಕತ್ತಲೆ. ಅಲ್ಲೇ ಅಭ್ಯಾಸ. ಮೊದಲ ದಿನ ಲಾಂದ್ರವನ್ನೂ ಪರದೆಯ ಹಿಂದೆಯೇ ಇಟ್ಟೆವು. ಬೆಳಕು ಅಂದರೆ ಹಿಂದಿನಿಂದ ಎಂದೇ ಅವಳ ಲೆಕ್ಕ. ದೀಪ ಹಚ್ಚಿದೊಡನೆ ಪರದೆ ತುಂಬ ಮುದ್ದಮ್ಮನೇ ಕಂಡಳು. ಎಂದಿನ ಆಟದಲ್ಲಿ ಎಣ್ಣೆದೀಪ ಅವಳ ಮುಂದೆ ತೂಗುತ್ತದೆ, ಅವಳ ನೆರಳು ಬೆನ್ನ ಹಿಂದಕ್ಕೇ ಬೀಳುತ್ತದೆ. ಈಗ ಲಾಂದ್ರ ಅವಳ ಬೆನ್ನ ಹಿಂದಿತ್ತು. ದೊಡ್ಡ ತಲೆ, ದೊಡ್ಡ ಭುಜ, ಬೆಟ್ಟದಂಥ ಹೆಂಗಸಿನ ಕಾಲಡಿಯಲ್ಲಿ ಒಂದು ಸಣ್ಣ ದೋಣಿ. ನಾನು ನಕ್ಕುಬಿಟ್ಟೆ. ಕಂಡದ್ದನ್ನು ಹೇಳಿದಾಗ ಅವಳು ಗೊಂಬೆ ಕೆಳಗಿಟ್ಟಳು.

"ಅದು ಆಗಾಕಿಲ್ಲ. ಗೊಂಬೆ ನೋಡ್ಬೇಕು ಜನ. ನಮ್ಮನ್ನಲ್ಲ."

ಮರುದಿನ ಲಾಂದ್ರವನ್ನು ಜನ ಕೂರುವ ಕಡೆಗೆ ತಂದು ಇಟ್ಟೆವು. ಹಿಂದಿನಿಂದ ಗೊಂಬೆ, ಮುಂದಿನಿಂದ ನೀರು, ಎರಡೂ ಒಂದೇ ಬಟ್ಟೆಯ ಮೇಲೆ ಕೂಡಬೇಕು. ಕೂಡಲಿಲ್ಲ. ಲಾಂದ್ರದ ಬೆಳಕು ಬಿದ್ದದ್ದೇ ಗೊಂಬೆಗಳ ಕೆಂಪು, ಹಸಿರು ಎಲ್ಲ ತೊಳೆದುಹೋಯಿತು. ಮುದ್ದಮ್ಮ ಈಚೆ ಬಂದು ನೋಡಿ, "ಒಗೆದು ಒಗೆದು ಬಣ್ಣ ಬಿಟ್ಟ ಸೀರೆ ಆಯ್ತಲ್ಲವ್ವ," ಎಂದಳು.

ಮೂರನೆಯ ದಿನ ನಾನು ಮಗುವಿಗೆ ಹಾಲು ಕುಡಿಸಲು ಒಳಗೆ ಹೋಗಿದ್ದೆ. ಬಂದು ನೋಡುತ್ತೇನೆ, ಹರಳೆಣ್ಣೆಯಲ್ಲಿ ದೀಪದ ಮಸಿ ಕಲಸಿಕೊಂಡು ಗಾಜಿಗೆ ಬಳಿಯುತ್ತಿದ್ದಾಳೆ! ಮೇಲಿದ್ದ ಮನೆ, ಮರ, ಇಲಾಖೆಯ ಉಪದೇಶದ ಅಕ್ಷರ ಎಲ್ಲ ಮುಚ್ಚಿ, ಕೆಳಗೆ ನಾಲ್ಕು ಬೆರಳಗಲ ನೀರು ಮಾತ್ರ ಬಿಟ್ಟಿದ್ದಳು.

"ಅಯ್ಯೋ, ರಿಜಿಸ್ಟರಿನಲ್ಲಿರುವ ಗಾಜು ಕಣೇ ಅದು! ಇವರ ಕೆಲಸಕ್ಕೇ ಸಂಚಕಾರ!"

"ಒರೆಸಿದ್ರೆ ಹೋಯ್ತದೆ ಬಿಡವ್ವ. ದೀಪ ಹಚ್ಚು."

ಹಚ್ಚಿದೆ. ಪರದೆಯ ಕೆಳಭಾಗದಲ್ಲಿ ಮಾತ್ರ ನೀರು. ಅದರ ಮೇಲೆ, ಕತ್ತಲಲ್ಲಿ, ಬಣ್ಣ ಕೆಡದ ದೋಣಿ. ಸಂಜೆ ನಮ್ಮವರು ರೇಗಬೇಕೆಂದೇ ಕೋಣೆಗೆ ಬಂದವರು, ನೋಡಿ, ಟೋಪಿ ತೆಗೆದು ತೆಂಗಿನಕಾಯಿ ರಾಶಿಯ ಮೇಲೆ ಕೂತರು.

ಹಿಡಿ ತಿರುಗಿಸುವವರು ಯಾರು? ನಮ್ಮವರು ಒಂದೇ ಸಮನೆ ತಿರುಗಿಸಿದರು. "ಸ್ವಾಮೇರು ರಾಗಿ ಬೀಸ್ತಾವ್ರೆ," ಎಂದಳು ಮುದ್ದಮ್ಮ. ಕೊನೆಗೆ ನನ್ನನ್ನು ಕೂರಿಸಿದಳು. ತೊಟ್ಟಿಲು ಅಲ್ಲೇ ಬಾಗಿಲ ಬಳಿ; ಅದರ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ತೂಗುತ್ತ, ಕೈಯಲ್ಲಿ ಹಿಡಿ ತಿರುಗಿಸಿದೆ. ಮಗು ಮುಲುಗಿದರೆ ಕೈ ನಿಲ್ಲುತ್ತಿತ್ತು. ಸುಮ್ಮನಾದರೆ ಗಾಬರಿಯಿಂದ ಜೋರಾಗುತ್ತಿತ್ತು.

"ಇದು ನೀರು!" ಎಂದು ಒಳಗಿನಿಂದ ಕೂಗಿದಳು. "ನೀನು ಹೆದರ್ಕೊಂಡು ತಿರುಗಿಸ್ತೀಯಲ್ಲ, ಅದ್ಕೇ ನೀರು ನೀರಂಗೈತೆ. ಧೈರ್ಯ ಗೀರ್ಯ ತಂದ್ಕಬ್ಯಾಡ."

ಹಗರೆಗೆ ಮಗುವನ್ನು ಸೊಳ್ಳೆಪರದೆಯ ಸಮೇತ ಕರೆದುಕೊಂಡು ಹೋದೆ. ಹೊತ್ತು ಮುಳುಗಿದ ಮೇಲೆ ಜನ ಸೇರಿದರು. ಮುಂದೆ ಕಂಬಳಿ ಹಾಸಿ ಕರಿಯಣ್ಣನವರು. ಅವರ ಹಿಂದೆಯೇ, ಯಾರೂ ಕರೆಯದೆ, ಜವರಣ್ಣ. ನಮ್ಮವರ ಭಾಷಣಕ್ಕೆ ಆಕಳಿಕೆ ಬಂದವು, ಅದನ್ನು ಅವರು ಗಮನಿಸಲಿಲ್ಲ. ಆಮೇಲೆ ಮುದ್ದಮ್ಮನ ಪದ ಎದ್ದಿತು, ನಾನು ಹಿಡಿ ತಿರುಗಿಸಿದೆ, ಹೊಳೆ ಹರಿಯಿತು. ಜನ ಹೋ ಎಂದರು.

"ನೀರಾಗೆ ಅದೇನ್ಲಾ ಒದ್ದಾಡ್ತಿರೋದು?" ಎಂದ ಒಬ್ಬ.

ಪರದೆಯ ಮೇಲಿನ ಅಂಬಿಗ ತಿರುಗಿ ನೋಡಿದ. ಅದು ಬೋರಯ್ಯ ಕೆತ್ತಿದ ಗೊಂಬೆ, ದೊಡ್ಡ ಹೊಟ್ಟೆ, ಉದ್ದ ಕೈ. ಮುದ್ದಮ್ಮ ಅವನ ದಪ್ಪ ದನಿಯಲ್ಲಿ ಅಂದಳು: "ನಿಮ್ಮೂರ ಕಟ್ಟೆ ನೀರ್ನಾಗೆ ಇರೋವು ಕಣಪ್ಪ. ನಮ್ಮನೆ ಯಜಮಾನ್ನ ತಿಂದು ಈ ಹೊಳೇಗೆ ಈಜಕ್ ಬಂದವೆ."

ಜನ ನಕ್ಕರು. ಅರ್ಧಕ್ಕೇ ನಿಲ್ಲಿಸಿದರು. ನಮ್ಮವರು ತಲೆ ತಗ್ಗಿಸಿದ್ದನ್ನು ನಾನು ಕಂಡೆ.

ದೋಣಿ ನಡುಹೊಳೆಗೆ ಬಂದಿತ್ತು. ಟಿಕ್ ಎಂದಿತು. ಮಸಿ ಬಳಿದ ಗಾಜು ಲಾಂದ್ರದ ಕಾವನ್ನೆಲ್ಲ ಹೀರಿ ಬಿರಿದಿತ್ತು. ಮಸಿ ಬಳಿದರೆ ಕಾವು ಕುಡಿಯುತ್ತದೆ ಎಂದು ಶಾಲೆಯಲ್ಲಿ ಓದಿದವಳು ನಾನು, ಆಗ ನನಗದು ನೆನಪಾಗಲಿಲ್ಲ. ಪರದೆಯ ಉದ್ದಕ್ಕೂ ಬೆಳ್ಳನೆಯ ಗೀರೊಂದು ಮಿಂಚಿತು. ಹೆದರಿ ಲಾಂದ್ರದ ಬಾಯಿ ಮುಚ್ಚಿಬಿಟ್ಟೆ. ಹೊಳೆಯೇ ಇಲ್ಲ. ದೋಣಿ ಬರಿಯ ಬಟ್ಟೆಯ ಮೇಲೆ ನಿಂತಿತು.

"ನೀರು ಬತ್ತೋಯ್ತಾ ಮುದ್ದಮ್ಮಾ?" ಎಂದ ಜವರಣ್ಣ.

"ಸಿಡಿಲು ಹೊಡೀತಪ್ಪಾ, ಬಿಗಿಯಾಗಿ ಕೂತ್ಕಳಿ!" ಎಂದ ಅಂಬಿಗ. ಮರುಕ್ಷಣ ಇಡೀ ಪರದೆಯೇ ಹೊಯ್ದಾಡಿತು. ದೋಣಿ ಏಳುತ್ತದೆ, ಬೀಳುತ್ತದೆ, ದೊರೆಮಕ್ಕಳು ವಾಲುತ್ತಾರೆ, ದಡದ ಮರ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತೋಳು ಹಿಡಿದುಕೊಂಡಳು. ನೀರೇ ಕಾಣದ ಹೊಳೆಯನ್ನು ಎಲ್ಲರೂ ದಾಟಿದೆವು.

ನಾನು ಮಗುವನ್ನೆತ್ತಿಕೊಂಡು ಪರದೆಯ ಹಿಂದೆ ಓಡಿದೆ. ಎಣ್ಣೆದೀಪ ಇನ್ನೂ ತೂಗಾಡುತ್ತಿತ್ತು. ಅವಳ ಎರಡೂ ಕೈಗಳಲ್ಲಿ ಗೊಂಬೆ. ಹಣೆಯ ನಡುವೆ ಸುಟ್ಟ ಗಾಯ. ಹಣೆಯಿಂದಲೇ ದೀಪವನ್ನು ದೂಡಿ ದೂಡಿ ಆಡಿಸಿದ್ದಳು.

ಅತ್ತ ಕರಿಯಣ್ಣನವರು ತಟ್ಟೆ ಹಿಡಿದು ಎದ್ದಿದ್ದರು. "ಆಟ ಚೆನ್ನಾಗಾಯ್ತು. ಆದ್ರೆ ಎಲೆ ಅಡಿಕೆ ಯಾರ ಕೈಗೆ ಕೊಡಾನ? ಗಂಡ ಸತ್ತೋಳ ಕೈಗೆ ಕೊಡೋ ಪದ್ಧತಿ ನಮ್ಮೂರಲ್ಲಿಲ್ವಲ್ಲ."

"ಮನೆತನದ ಗಂಡಸು ನಾನಿವ್ನಿ," ಎಂದು ಜವರಣ್ಣ ಮುಂದೆ ಬಂದ.

ಮುದ್ದಮ್ಮ ನನ್ನತ್ತ ನೋಡಲಿಲ್ಲ. ಅಂಬಿಗನನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಗೊಂಬೆ ಕೆಳಗಿಟ್ಟಳು. ಪರದೆಯ ಅಂಚೆತ್ತಿ ಅವನ ಉದ್ದ ಕೈಯನ್ನು ಹೊರಗೆ ಚಾಚಿದಳು.

"ಹೊಳೆ ದಾಟಿಸ್ದೋನು ನಾನು ಕಣ್ ಗೌಡ. ನನ್ ಕೈಗೆ ಕೊಡು."

ಅದು ಬೋರಯ್ಯನ ದನಿಯಂತೆಯೇ ಇತ್ತೆಂದು ಆಮೇಲೆ ಹಗರೆಯವರು ಹೇಳಿದರು. ನಾನು ಆತನನ್ನು ಕಂಡವಳಲ್ಲ. ಯಾರೋ ಕಿಸಕ್ಕೆಂದರು. ಕರಿಯಣ್ಣನವರು ಬಗ್ಗಿ ಎಲೆ ಅಡಿಕೆ ಇಟ್ಟರು. ತೊಗಲಿನ ಕೈ ಭಾರಕ್ಕೆ ಬಾಗಿ ಅಡಿಕೆ ಉರುಳಿತು. ಅವರೇ ಹೆಕ್ಕಿ ಮತ್ತೆ ಇಟ್ಟು, ಆ ಕೈ ಪರದೆಯೊಳಗೆ ಹೋಗುವ ತನಕ ಕೆಳಗಿನಿಂದ ತಮ್ಮ ಅಂಗೈ ಆನಿಸಿದರು.

ಗಾಜು ಒಡೆದದ್ದಕ್ಕೆ ನಮ್ಮವರು ಮೇಲಿನವರಿಗೆ ಎರಡು ಪುಟ ಬರೆದರು. ಮುಂದಿನ ವರ್ಷ ನಮಗೆ ಅರಸೀಕೆರೆಗೆ ವರ್ಗವಾಯಿತು. ಅವಳು ಮತ್ತೆ ಹಣೆ ಸುಟ್ಟುಕೊಳ್ಳುತ್ತಾಳೇನೋ ಎಂದು ಸುಗ್ಗಿಯುದ್ದಕ್ಕೂ ನನಗೆ ಅದೇ ಯೋಚನೆ.

ಅಲ್ಲೇ ಹತ್ತಿರದ ಮಾಲೇಕಲ್ಲು ಬೆಟ್ಟದ ದೇವರಿಗೆ ಹರಕೆ ತೀರಿಸಲು ಬಂದ ಮುದ್ದಮ್ಮ ನಮ್ಮ ಮನೆಗೂ ಬಂದಳು. ಹಗರೆಯಲ್ಲಿ ಆಡಿ ಬಂದಿದ್ದಳಂತೆ. ನಾನು ಮೊದಲು ಅವಳ ಹಣೆ ನೋಡಿದೆ. ಹೊಸ ಗಾಯವಿರಲಿಲ್ಲ.

"ಹೊಳೆ?" ಎಂದೆ.

ಮುದ್ದಮ್ಮ ಕಾಲು ಚಾಚಿ ಕೂತು ಹೆಬ್ಬೆರಳು ತೋರಿಸಿದಳು. ಸುತ್ತ ದಾರದ ಗುರುತಿತ್ತು.

"ದೀಪಕ್ಕೆ ದಾರ ಕಟ್ಟೀವ್ನಿ. ನೀನು ಮಗ ತೂಗ್ತಿದ್ಯಲ್ಲ, ಅಂಗೇ."