ಮಂಚದ ಕೆಳಗೆ ಓಡುತ್ತಿದ್ದ ಟೇಪು

ವೈಂಡಿಂಗ್ ಅಕ್ಕನ ಕೈಗೆ ಇಡೀ ಬೀದಿಯೇ ಹೆದರುತ್ತಿತ್ತು. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲಾದ ತಾಮ್ರದ ಸುರುಳಿಯನ್ನು ಉಳಿ ಹಾಕಿ ಕಿತ್ತೆಸೆದು, ಸುತ್ತು ಎಣಿಸಿ ಹೊಸ ತಂತಿ ಸುತ್ತುವ ಕೈ ಅದು. "ಹೆಂಗಸು ಸುತ್ತಿದ ಮೋಟಾರು ಎಷ್ಟು ದಿನ ಓಡುತ್ತೋ" ಎಂದು ಹಲ್ಲು ಕಿರಿದವನ ಮೇಲೆ ಅದೇ ಕೈ ಸ್ಪ್ಯಾನರ್ ಬೀಸಿ ಎರಡು ಹಲ್ಲು ಉದುರಿಸಿತ್ತು. ಪಶ್ಚಾತ್ತಾಪವೇ? ಅದರ ಸುಳಿವೂ ಇರಲಿಲ್ಲ. ಅಪ್ಪನ ಕೈ ತನಗೆ ಬಂದಿದೆ ಎಂಬ ಭಯ ಮಾತ್ರ ಒಳಗೊಳಗೇ ಇತ್ತು.

ಅವಳ ಅಣ್ಣ ಮೇಷ್ಟರಿಕೆ ಮಾಡಿ ನಿವೃತ್ತನಾದವನು. ಬಾಯಿ ಬಿಟ್ಟರೆ ಬಾಲ್ಯ.

"ಮೊಬೈಲ್ ಇರ್ಲಿಲ್ಲ, ಏನೂ ಇರ್ಲಿಲ್ಲ. ಎಷ್ಟು ಸುಖವಾಗಿದ್ವಿ! ಅಪ್ಪ ಒಂದು ಸಲ ಗದರಿದ್ರೆ ಮನೆ ಮನೆ ಥರ ಇರ್ತಿತ್ತು."

ಈ ಮಾತು ಕೇಳಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಗದರಿದ್ದಂತೆ! ಅಮ್ಮನ ಪಕ್ಕೆಲುಬು ಮುರಿದದ್ದು ಗದರಿಕೆಗೋ? ಅಪ್ಪ ತೀರಿಕೊಂಡ ಮೇಲಂತೂ ಅಣ್ಣನ ಬಾಯಲ್ಲಿ ದೇವರೇ ಆಗಿದ್ದ. ಒಂದೇ ಒಂದು ಸಲ ಅಣ್ಣ "ಹೌದು, ಹೊಡೀತಿದ್ದ" ಎಂದುಬಿಟ್ಟರೆ ಸಾಕಿತ್ತು. ನಲವತ್ತೇಳು ವರ್ಷದಿಂದ ಅವಳು ಕಾದದ್ದು ಅಷ್ಟಕ್ಕೇ.

ಒಂದು ಭಾನುವಾರ ಮಧ್ಯಾಹ್ನ ಅಣ್ಣ ಹಳೇ ಟೇಪ್ ರೆಕಾರ್ಡರ್ ಹೊತ್ತು ಅವಳ ಮನೆಗೆ ಬಂದ.

"ಅಟ್ಟದ ಮೇಲಿತ್ತು ಕಣೆ. ಒಳಗೆ ನಮ್ಮ ಕ್ಯಾಸೆಟ್ಟೂ ಇದೆ! ನಾನು ವಾರ್ತೆ ಓದಿದ್ದು, ನೀನು ಸೋಪಿನ ಜಾಹೀರಾತು ಹಾಡಿದ್ದು. ಅಮ್ಮಂಗೂ ಕೇಳಿಸೋಣ."

ಆ ಕ್ಯಾಸೆಟ್ಟಿನಲ್ಲಿ ಇನ್ನೇನಿದೆ ಎಂದು ಅವಳಿಗೆ ಗೊತ್ತಿತ್ತು. ಅಂದು ಅವಳ ಹಾಡು ಮುಗಿಯುತ್ತಿದ್ದಂತೆ ಅಪ್ಪ ಬಂದಿದ್ದ. ಅಣ್ಣ ಬೀದಿಗೆ ಓಡಿದ. ಅವಳು ಟೇಪ್ ರೆಕಾರ್ಡರನ್ನೂ ಎಳೆದುಕೊಂಡು ಮಂಚದ ಕೆಳಗೆ ನುಸುಳಿ ಕಿವಿ ಮುಚ್ಚಿಕೊಂಡಳು. ರೆಕಾರ್ಡಿಂಗ್ ನಿಲ್ಲಿಸಲು ಇಬ್ಬರೂ ಮರೆತಿದ್ದರು. ಮರುದಿನ ಹಾಕಿ ಕೇಳಿದವಳು ಮೊದಲ ಏಟಿಗೇ ಆಫ್ ಮಾಡಿದಳು. ಆಮೇಲೆ, ಅದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡದಂತೆ, ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದಳು. ಒಂಬತ್ತು ವರ್ಷದ ಹುಡುಗಿಗೆ ಸಾಕ್ಷಿ ಬೇಕಿತ್ತು.

ಈಗ ತಡೆಯಬೇಕು. ಕುರ್ಚಿಯಲ್ಲಿ ಕೂತ ಎಂಬತ್ತರ ಅಮ್ಮ ಆ ಏಟುಗಳನ್ನು ಮತ್ತೆ ಯಾಕೆ ತಿನ್ನಬೇಕು? ಆದರೆ ತಡೆದರೆ ಅಣ್ಣನ ಸುಳ್ಳೇ ಗೆದ್ದಂತೆ. ಅವಳು ಸುಮ್ಮನಿದ್ದಳು. ಹಾಗೆ ಸುಮ್ಮನಿದ್ದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಣ್ಣ ಗುಂಡಿ ಒತ್ತಿದ. ಕೀರಲು ದನಿಯ ವಾರ್ತೆ, ಸೋಪಿನ ಹಾಡು. ಕುರ್ಚಿಯಲ್ಲಿದ್ದ ಅಮ್ಮ ನಕ್ಕಳು. ಆಮೇಲೆ ಬಾಗಿಲು ಒದ್ದ ಸದ್ದು. ಅಪ್ಪನ ಬೈಗುಳ. ಬೆಲ್ಟು. ಪಾತ್ರೆಗಳು ಗೋಡೆಗೆ ಬಡಿದು ಉರುಳಿದವು. "ಬೇಡ, ಮಕ್ಕಳಿದಾರೆ" ಎಂಬ ಅಮ್ಮನ ದನಿ, ತಲೆ ನೆಲಕ್ಕೆ ಬಡಿದ ಸದ್ದು, ಮತ್ತೆ ಬೆಲ್ಟು, ಮತ್ತೆ ಬೆಲ್ಟು.

ಅಣ್ಣನ ಮುಖ ಬಿಳಿಚಿಕೊಂಡಿತು. "ಹೊಡೀತಿದ್ದ," ಎಂದ, ತನಗೆ ತಾನೇ ಹೇಳಿಕೊಂಡವನಂತೆ. "ಹೌದು, ಹೊಡೀತಿದ್ದ."

ಅಷ್ಟು ವರ್ಷ ಕಾದ ಮಾತು ಸಿಕ್ಕಿತು. ಅವಳಿಗೆ ಒಂದು ಚೂರೂ ಹಿತವಾಗಲಿಲ್ಲ. "ಅಮ್ಮ, ತಪ್ಪಾಯ್ತು" ಎನ್ನುತ್ತ ಟೇಪು ನಿಲ್ಲಿಸಲು ಕೈ ಚಾಚಿದಳು.

ಅಮ್ಮ ಅವಳ ಮಣಿಕಟ್ಟು ಹಿಡಿದಳು. ಸುಕ್ಕುಗಟ್ಟಿದ ಆ ಬೆರಳುಗಳಲ್ಲಿ ಇಷ್ಟು ಬಲ ಎಲ್ಲಿತ್ತೋ.

"ಕೈ ತೆಗಿ. ನಾನು ತಿರುಗಿ ಹೊಡೆದಿದ್ದು ಇನ್ನೂ ಬಂದಿಲ್ಲ."