ಡಿಸೈನ್ ಕಾಣದ ಚಾದರ

ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜೋಳದ ಹೊಲಗಳ ಮೇಲೆ ಎಳೆಬಿಸಿಲು ಅಡ್ಡ ಬಿದ್ದಿರುತ್ತಿತ್ತು. ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ‘ನೋಡ್ರಿ, ನೋಡ್ರಿ’ ಎಂದು ಕೂಗಬೇಕೆನಿಸುತ್ತಿತ್ತು. ಬಸ್ಸಿನವರ ಪುಣ್ಯ, ನನ್ನ ಕೈಗೆ ಸಿಕ್ಕವರು ಸೊಲ್ಲಾಪುರದ ಭಾನುವಾರದ ಕ್ಲಾಸಿನ ವಿದ್ಯಾರ್ಥಿಗಳು ಮಾತ್ರ. ಫೋಟೊಗ್ರಫಿಯೂ ಒಂದು ಕಲೆ ಎಂದು ಅವರಿಗೆ ಕಲಿಸಲು ಹೊರಟಿದ್ದೆ, ಅದೂ ಮೊದಲ ಸಲ.

ಎಲ್ಲರೂ ಪೇಟೆಯ ವ್ಯಾಪಾರಿ ಮನೆತನದವರು. ಇಷ್ಟವಾದದ್ದರ ಫೋಟೊ ತನ್ನಿ ಎಂದು ಹೇಳಿದ್ದೆ, ತಂದರು. ಅಜ್ಜಿ, ಬೆಕ್ಕು, ಹೊಸ ಸ್ಕೂಟರ್, ಎಲ್ಲವೂ ಟ್ಯೂಬ್‌ಲೈಟಿನ ಕೆಳಗೆ, ನೇರ ಎದುರಿನಿಂದ, ಒಂದಿಷ್ಟೂ ನೆರಳಿಲ್ಲದೆ! ಗಿರಾಕಿಗಳಿಗೆ ವಾಟ್ಸ್ಯಾಪಿನಲ್ಲಿ ಮಾಲು ಕಳಿಸಿ ಕಳಿಸಿ ಅವರ ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು. ಒಂದು ಫೋಟೊದಲ್ಲಂತೂ ಅಂಚು ಪೂರ್ತಿ ಕಾಣಲೆಂದು ಅಜ್ಜಿಯ ಸೆರಗನ್ನು ಇಬ್ಬರು ಹಿಡಿದು ಹರಡಿದ್ದರು.

‘‘ಅಜ್ಜಿನ್ನ ಮಾರಾಕ ಇಟ್ಟೀರೇನು?’’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

‘‘ನೆರಳು ಬಿತ್ತಂದ್ರ ಮಾಲು ಹೊಲಸು ಕಾಣ್ತದಲ್ರಿ, ಮ್ಯಾಡಂ,’’ ಎಂದಳು ಚಾದರದ ಅಂಗಡಿಯವರ ಮಗಳು. ಅವಳೇ ಎಲ್ಲರಿಗಿಂತ ಚುರುಕು. ಆದರೆ ಅವಳ ಕಲಿಕೆ ಮಾತ್ರ ತೂಗುಯ್ಯಾಲೆಯಲ್ಲಿತ್ತು. ‘ಫೋಟೊ ತೆಗಿಯೂದಕ್ಕೂ ಕ್ಲಾಸಾ?’ ಎನ್ನುತ್ತಿದ್ದ ಅವಳಪ್ಪ, ತಿಂಗಳ ಕೊನೆಯ ಭಾನುವಾರ ತಾನೇ ಬಂದು ನೋಡಿ, ಕಳಿಸುವುದೋ ಬಿಡಿಸುವುದೋ ಹೇಳುವವನಿದ್ದ.

ಮುಂದಿನ ವಾರ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರಿನ ಪಾಠ. ಅದನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟರೆ ಓಡುವುದೆಲ್ಲ ಗೆರೆಯಾಗುತ್ತದೆ, ನಿಂತದ್ದು ನಿಂತ ಹಾಗೇ ಉಳಿಯುತ್ತದೆ ಎಂದು ತೋರಿಸಿದೆ. ಚಾದರದ ಅಂಗಡಿಯ ಹುಡುಗಿ ಕುರ್ಚಿ ಬಿಟ್ಟೆದ್ದಳು.

‘‘ಮ್ಯಾಡಂ, ಪಪ್ಪಾ ಚಾದರ ಝಾಡಸೂದು ಹಿಂಗ ಬರ್ತದೇನ್ರಿ?’’

ಸೊಲ್ಲಾಪುರದ ಅಂಗಡಿಗಳಲ್ಲಿ ಮಡಿಕೆ ಬಿಚ್ಚುತ್ತಾ ಕೂರುವುದಿಲ್ಲ. ಎರಡು ಮೂಲೆ ಹಿಡಿದು ಒಮ್ಮೆ ಝಾಡಿಸಿದರೆ ಚಾದರ ಗಾಳಿಯಲ್ಲೇ ಬಿಚ್ಚಿಕೊಂಡು ಗಿರಾಕಿಯ ಮುಂದೆ ಹಾಸಿ ಬೀಳುತ್ತದೆ. ಅದು ಫೋಟೊದಲ್ಲಿ ಬರುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ನನ್ನ ಕ್ಯಾಮೆರಾವನ್ನೇ ಅವಳ ಕೈಗೆ ಕೊಟ್ಟೆ.

ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಚಾದರಗಳ ಥಪ್ಪಿಯ ಮೇಲೆ ಕ್ಯಾಮೆರಾ ಇಟ್ಟು ವಾರವಿಡೀ ಒದ್ದಾಡಿದಳು. ಒಮ್ಮೆ ಫೋಟೊದಲ್ಲಿ ಅಪ್ಪನೇ ಕಲಸಿಹೋದ, ಇನ್ನೊಮ್ಮೆ ಚಾದರ ಹಲಗೆಯಂತೆ ನಿಂತಿತು. ಶನಿವಾರ ಫೋನು ಬಂತು: ‘‘ಬಂತ್ರಿ ಮ್ಯಾಡಂ! ಬಂತು!’’

ಮರುದಿನ, ತಿಂಗಳ ಕೊನೆಯ ಭಾನುವಾರ, ಅದನ್ನು ಕ್ಲಾಸಿನ ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಾಗಿಲಿನಿಂದ ಬಂದ ಒಂದೇ ಕಡೆಯ ಬೆಳಕು. ಗಾಳಿಯಲ್ಲಿ ಕೆಂಪು ನೀರಿನಂತೆ ಹರಿದ ಚಾದರ. ಹಿಂದೆ ಅರ್ಧ ಕತ್ತಲಲ್ಲಿ ಅಪ್ಪನ ಮುಖ. ಬಟ್ಟೆ ಹಿಡಿದು ಝಾಡಿಸಿ ನಿಂತ ಎರಡು ಮುಷ್ಟಿಗಳಷ್ಟೇ ಸ್ಪಷ್ಟ, ಒಂದೊಂದು ನರವೂ ಕಾಣುವಷ್ಟು. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು.

ಅಪ್ಪ ಬಂದ. ಕೈಕಟ್ಟಿ ನಿಂತು ನೋಡಿದ.

‘‘ಇದರಾಗ ಡಿಸೈನೇ ಕಾಣವಲ್ದಲ್ಲವಾ,’’ ಎಂದ.

ಹುಡುಗಿಯ ಮುಖ ಬಾಡಿತು. ನನಗೆ ರೇಗಿತು. ಕಲೆಯ ಮೇಲೆ ಒಂದು ದೊಡ್ಡ ಭಾಷಣವೇ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಏಕೆಂದರೆ ಅವನು ಕಟ್ಟಿದ್ದ ಕೈ ಬಿಚ್ಚಿದ್ದ. ಗೋಡೆಯ ಮೇಲಿನ ಮುಷ್ಟಿಗಳನ್ನು ನೋಡುತ್ತಾ, ಬರಿಗೈಯಲ್ಲೇ ಇಲ್ಲದ ಚಾದರವನ್ನು ಒಮ್ಮೆ ಝಾಡಿಸಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಅರಿವೂ ಇದ್ದಂತಿರಲಿಲ್ಲ.

‘‘ಹಿಂಗ ಕಾಣ್ತೀನೇನು ನಾ?’’ ಎಂದ ಮೆಲ್ಲಗೆ.

‘‘ಹೂಂ, ಪಪ್ಪಾ.’’

ಫೋಟೊದ ಹತ್ತಿರಕ್ಕೆ ಹೋಗಿ ಕತ್ತಲಾದ ಅರ್ಧಮುಖದ ಮೇಲೆ ಬೆರಳಿಟ್ಟ. ‘‘ಈ ಕಡೆ ಭಾಳ ಕತ್ತಲಿ ಆಗೈತಿ.’’

‘‘ಆ ಕಡೆ ಕಿಟಕಿ ಮುಂದ ಮಾಲಿನ ರ್‍ಯಾಕ್ ಐತಲ್ಲ,’’ ಎಂದಳು ಮಗಳು.

ಆ ಕತ್ತಲೆಯೇ ಚೆಂದ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ದೇವರು ದೊಡ್ಡವನು, ಅಷ್ಟರಲ್ಲಿ ಅವನೇ ಬಾಯಿ ತೆಗೆದ.

‘‘ನಾಳಿ ರ್‍ಯಾಕ್ ಸರಸ್ತೀನಿ,’’ ಎಂದ ಅವನು ಮಗಳಿಗೆ. ‘‘ಇನ್ನೊಮ್ಮಿ ತೆಗಿ.’’