ಅಕ್ಕನ ಲಾರಿ, ತಮ್ಮನ ಕಾರು

ರೇಸ್ ಟ್ರ್ಯಾಕಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಎದುರಾಳಿ ತಂಡದವರು, ಗೇಟು ಕಾಯುವವರು, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದ ಟೈರಿನ ವ್ಯಾಪಾರಿ ಕೂಡ. ನಿಜಕ್ಕೂ ಅವಳಿಗಿದ್ದ ತಮ್ಮ ಒಬ್ಬನೇ. ಅವನಿಗೆ ಕಾರಿನ ಹುಚ್ಚು. ಅಪ್ಪ ಬಿಟ್ಟುಹೋದ ಗ್ಯಾರೇಜಿನಲ್ಲಿ ಊರವರ ಗಾಡಿ ರಿಪೇರಿ ಮಾಡಿಕೊಂಡು ತಣ್ಣಗೆ ಇರಬಹುದಾಗಿತ್ತು. ಅದು ಬಿಟ್ಟು ಹಳೇ ರೇಸ್ ಕಾರೊಂದನ್ನು ತಂದು ತಂಡ ಕಟ್ಟಿದ. ಕಾರು ಸಾಗಿಸಲು ಲಾರಿ ಬೇಕಾಯಿತು, ಲಾರಿಗೆ ಡ್ರೈವರ್ ಬೇಕಾಯಿತು. ಸಂಬಳ ಕೇಳದ ಡ್ರೈವರ್ ಎಲ್ಲಿ ಸಿಗಬೇಕು? ಮನೆಯಲ್ಲೇ ಇದ್ದಳು.

ಅಕ್ಕ ಗಾಡಿಗಳ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. "ಒಂದು ಸೀಸನ್ ಅಷ್ಟೇ ಕಣೋ" ಎಂದು ಸ್ಟಿಯರಿಂಗ್ ಹಿಡಿದಳು. ಆ ಒಂದು ಸೀಸನ್ ಮುಗಿಯುವಷ್ಟರಲ್ಲಿ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು. ಟೆಂಟು ಎತ್ತುವುದು ಅವಳೇ, ಅಡುಗೆ ಅವಳದೇ. ದೊಡ್ಡ ತಂಡದವರು ಬಳಸಿ ಬಿಟ್ಟ ಟೈರುಗಳನ್ನು ಕೈಯಲ್ಲಿ ಸವರಿ ಇನ್ನೂ ಜೀವ ಇದ್ದವನ್ನು ಆರಿಸಿ ತರುವವಳೂ ಅವಳೇ. ಸಾಲ ಕೊಟ್ಟವರ ಫೋನು ಬಂದರೆ "ಅವನು ಕಾರಿನ ಕೆಳಗಿದ್ದಾನೆ" ಎನ್ನುತ್ತಿದ್ದಳು. ಸುಳ್ಳೇನಲ್ಲ, ತಮ್ಮ ಸದಾ ಕಾರಿನ ಕೆಳಗೇ ಇರುತ್ತಿದ್ದ.

ಕಾರು ಓಡಿಸುತ್ತಿದ್ದವನು ಮೌನಿ. ಮಾತಾಡಿದರೆ ಪೆಟ್ರೋಲು ಖರ್ಚಾಗುತ್ತದೇನೋ ಎಂಬಂತೆ ಇರುತ್ತಿದ್ದುದಕ್ಕೆ ಬಿದ್ದ ಹೆಸರು ಅದು. ಬಸ್ ಡಿಪೋದಲ್ಲಿ ಕೆಲಸ; ರೇಸಿದ್ದಾಗ ರಜೆ ಹಾಕಿ ಬರುತ್ತಿದ್ದ. ದೊಡ್ಡ ತಂಡ ಕರೆದರೂ ಹೋಗಿರಲಿಲ್ಲ. ಯಾಕೆಂದು ಅಕ್ಕ ಕೇಳಿದ್ದಕ್ಕೆ, "ಅಲ್ಲಿ ನನ್ನ ಬೈಯೋರು ಯಾರಿದ್ದಾರೆ?" ಎಂದಿದ್ದ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ, ಒಂದು ಸೀಸನ್ನಿನ ಕೊನೆಯ ರೇಸಿಗೆ ಹೋಗುವಾಗ ಲಾರಿಯ ಎಂಜಿನ್ ಏರಿನಲ್ಲಿ ಕಾದು ಕುದಿಯಿತು. ಟ್ರ್ಯಾಕ್ ಮುಟ್ಟುವ ಹೊತ್ತಿಗೆ ಅಕ್ಕನ ಸೊಂಟ ಬಿದ್ದುಹೋಗಿತ್ತು. ಆದರೆ ಮರುದಿನ ಅರ್ಹತಾ ಸುತ್ತಿನಲ್ಲಿ ಮೌನಿ ಏನು ಮಾಡಿದನೋ, ಹಳೇ ಟೈರಿನಲ್ಲೇ ನಾಲ್ಕನೇ ಸ್ಥಾನ ಹಿಡಿದುಬಿಟ್ಟ. ಅಷ್ಟು ಮುಂದಿನಿಂದ ಅವರು ಎಂದೂ ಹೊರಟವರಲ್ಲ. ತಮ್ಮ ಅಕ್ಕನನ್ನು ಹಿಡಿದುಕೊಂಡು ಕುಣಿದ. ಅವಳು ಬಲಗೈ ಬೆನ್ನ ಹಿಂದಿಟ್ಟುಕೊಂಡೇ ಎರಡು ಹೆಜ್ಜೆ ಹಾಕಿದಳು.

ರೇಸಿನ ಬೆಳಿಗ್ಗೆ ದೊಡ್ಡ ತಂಡದ ಮ್ಯಾನೇಜರ್ ಟೆಂಟಿಗೆ ಬಂದ. ಅಭ್ಯಾಸದಲ್ಲಿ ಅವರ ಗೇರ್‌ಬಾಕ್ಸ್ ಒಡೆದಿತ್ತು. ಜೊತೆಗೆ ತಂದಿದ್ದ ಇನ್ನೊಂದೂ ಕೈಕೊಟ್ಟಿತ್ತು. ಅದೇ ಮಾದರಿಯದು ಅಲ್ಲಿ ಇದ್ದದ್ದು ಇವರ ಕಾರಿನಲ್ಲೊಂದೇ.

"ನಿಮ್ಮದನ್ನ ನಮಗೆ ಮಾರಿಬಿಡಿ. ಕೇಳಿದಷ್ಟು ಕೊಡ್ತೀವಿ," ಎಂದ.

"ಆಚೆ ನಡೀರಿ," ಎಂದ ತಮ್ಮ.

ಮ್ಯಾನೇಜರ್ ಅಲ್ಲೇ ನಿಂತು ಅಕ್ಕನ ಮುಖ ನೋಡಿದ. ಸಾಲಕ್ಕೆ ಗ್ಯಾರೇಜಿಗೆ ಬೀಗ ಬೀಳುವುದರಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ನಿನ್ನೆ ಕುಣಿದವನೆದುರು ಆ ಮಾತು ಎತ್ತುವುದಾದರೂ ಹೇಗೆ?

ಹೆಲ್ಮೆಟ್ ಒರೆಸುತ್ತ ಕೂತಿದ್ದ ಮೌನಿ ತಲೆ ಎತ್ತದೆ, "ಕೊಟ್ಟುಬಿಡಣ್ಣ," ಎಂದ.

"ನಾಲ್ಕನೇ ಜಾಗದಲ್ಲಿ ನಿಂತಿದ್ದೀಯ ಕಣೋ! ತಲೆ ಕೆಟ್ಟಿದೆಯಾ?"

"ಮೊನ್ನೆ ನೀನು ಲಾರಿ ಕೆಳಗಿದ್ದಾಗ ನೀರು ಹುಯ್ಯೋಕೆ ಹೋಗಿ ಅಕ್ಕ ಕೈ ಸುಟ್ಟುಕೊಂಡ್ರು. ಹೇಳ್ಬೇಡ ಅಂದಿದ್ರು. ನಾನು ಓಡಿಸ್ತೀನಿ ಅಂದ್ರೂ ಬಿಡದೆ ಆ ಕೈಯಲ್ಲೇ ಇಲ್ಲೀವರೆಗೂ ಓಡಿಸ್ಕೊಂಡು ಬಂದ್ರು."

ಅವನು ಅಷ್ಟು ಉದ್ದದ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ತಮ್ಮ ಬಂದು ಅಕ್ಕನ ಕೈ ಬಿಡಿಸಿ ನೋಡಿದ. ಅಂಗೈ ತುಂಬ ಬೊಬ್ಬೆ ಎದ್ದಿತ್ತು.

"ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡಿಸ್ತಿದ್ಯಾ? ಲಾರಿ ರಿವರ್ಸ್ ತೆಗೆಯೋಕೇ ಬರಲ್ಲ ನಿನಗೆ."

ಅವನು ನಗಲಿಲ್ಲ. "ನಿನಗೆ ಸಾಕಾಗಿದೆಯಾ?"

ತಮ್ಮನ ಮನಸ್ಸು ನೋಯದಂಥ ಮಾತಿಗೆ ಅಕ್ಕ ಹುಡುಕಾಡಿದಳು. ಸಿಗಲಿಲ್ಲ.

"ಹೂಂ ಕಣೋ. ಸಾಕಾಗಿದೆ."

ಗೇರ್‌ಬಾಕ್ಸನ್ನು ತಮ್ಮನೇ ಬಿಚ್ಚಿದ, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಬಟ್ಟೆಯಲ್ಲಿ ಒರೆಸಿ ಕೊಡುವಾಗ, "ಮೂರನೇ ಗೇರು ಸ್ವಲ್ಪ ಹಟಮಾರಿ, ಮೆತ್ತಗೆ ಹಾಕೋಕೆ ಹೇಳಿ," ಎಂದ.

ಮೂವರೂ ಲಾರಿಯ ಹಿಂಬದಿಯಲ್ಲಿ ಕೂತು ರೇಸು ನೋಡಿದರು. ಕಾರುಗಳ ಸಾಲಿನಲ್ಲಿ ನಾಲ್ಕನೇ ಜಾಗ ಉದುರಿದ ಹಲ್ಲಿನ ಜಾಗದ ಹಾಗೆ ಖಾಲಿ ಇತ್ತು. ದೊಡ್ಡ ತಂಡದ ಕಾರು ಎರಡನೆಯದಾಗಿ ಬಂತು. ಆಚೆ ಅವರು ಕೂಗಿ ಕುಣಿಯುತ್ತಿರುವಾಗ ತಮ್ಮ ಎದ್ದು ಟೆಂಟಿನ ಹಗ್ಗ ಬಿಚ್ಚತೊಡಗಿದ.

ಗ್ಯಾರೇಜು ಉಳಿಯಿತು, ತಂಡ ಉಳಿಯಲಿಲ್ಲ. ಕಾರನ್ನು ಯಾರೋ ಶೋಕಿಗಾರ ಕೊಂಡುಕೊಂಡ. ಅಕ್ಕ ಬೈದೂ ಬೈದೂ ಮೌನಿಯನ್ನು ದೊಡ್ಡ ತಂಡಕ್ಕೆ ಕಳಿಸಿದಳು. ತಮ್ಮ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಂಡು ಎದ್ದುಹೋಗುತ್ತಿದ್ದ. ಹೀಗೇ ತಿಂಗಳುಗಟ್ಟಲೆ ನಡೆಯಿತು. ತಾನು ಅವತ್ತು ಸುಳ್ಳು ಹೇಳಬೇಕಿತ್ತೇ ಎಂದು ಅಕ್ಕ ಹೊಲಿಗೆ ಮಿಶಿನ್ನಿನ ಮುಂದೆ ಕೂತು ಎಷ್ಟೋ ಸಲ ಯೋಚಿಸಿದಳು.

ಒಂದು ಮಧ್ಯಾಹ್ನ ಅವನು ಹರಿದ ಸೀಟೊಂದನ್ನು ಹೆಗಲ ಮೇಲೆ ಹೊತ್ತು ಅವಳ ಅಂಗಡಿಗೆ ಬಂದ.

"ಗಿರಾಕಿಯದು. ಹೊಲಿದುಕೊಡಕ್ಕ. ಅರ್ಜೆಂಟಿಲ್ಲ."

ಸೀಟು ಇಳಿಸಿದ ಮೇಲೂ ಹೋಗದೆ ಬಾಗಿಲಲ್ಲೇ ನಿಂತ. ಅಕ್ಕ ಮಿಶಿನ್ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆ ತುಂಡುಗಳನ್ನು ಕೆಳಗೆ ತಳ್ಳಿದಳು. ಅವನು ಕೂತುಕೊಂಡ.